ಕೇಳಿ ನೋಡೋಣ: ಈ ತಿಂಗಳು ಬರೀ ರುಸಿನರು

ಹೋದ ತಿಂಗಳು ಮಾಟುಂಗದ ಹುಡುಗಿಯೊಬ್ಬಳು, ಸೂಪ್ ಡಬ್ಬಿಯ ಚಿತ್ರ ಬರೆದ ಆಂಡಿ ವಾರ್ಹೋಲ್ ಯಾವ ಊರಿನವನು ಅಂತ ಕೇಳಿದ್ದಳು. "ಹುಟ್ಟಿದ್ದು ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ, ಅಪ್ಪ ಅಮ್ಮ ಕಾರ್ಪಾಥಿಯನ್ ಬೆಟ್ಟದ ರುಸಿನರು" ಎಂದು ಒಂದು ಸಾಲು ಬರೆದು ಮುಂದಿನ ಪ್ರಶ್ನೆಗೆ ಹೋಗಿಬಿಟ್ಟೆ. ಅದೇ ತಪ್ಪಾಯ್ತು ನೋಡಿ. ಮುಂಬೈ, ಪುಣೆ, ಗೋವಾ ಮೂರೂ ಕಡೆಯಿಂದ ಪತ್ರ ಬಂದವು. ಮೂವರು ಬೈದೂ ಇದ್ದಾರೆ. ಹಾಗಾಗಿ ಮಧುಮೇಹಕ್ಕೆ ಮೆಂತ್ಯ, ಸೊಸೈಟಿಯ ಪಾರ್ಕಿಂಗ್ ಜಗಳ ಇವೆಲ್ಲ ಮುಂದಿನ ತಿಂಗಳಿಗೆ.

ಪ್ರಶ್ನೆ: ರುಸಿನ್ ಅಲ್ಲ ಸ್ವಾಮಿ, ರಷ್ಯನ್. ನಿಮ್ಮಲ್ಲಿ ಪ್ರೂಫ್ ನೋಡುವವರು ಯಾರೂ ಇಲ್ಲವೇ?
(ನಿವೃತ್ತ ಬ್ಯಾಂಕ್ ನೌಕರರು, ಠಾಣೆ)

ಇದ್ದಾರೆ ಸಾರ್, ಆದರೆ ಈ ಸಲ ತಪ್ಪು ಅವರದ್ದಲ್ಲ. ರುಸಿನ್ ಅಂತಲೇ ಒಂದು ಜನ ಇದೆ. ಇವತ್ತಿನ ಸ್ಲೊವಾಕಿಯಾದ ಈಶಾನ್ಯ ಮೂಲೆ, ಪೋಲೆಂಡಿನ ತೆಂಕಣ ಅಂಚು, ಉಕ್ರೇನಿನ ಪಶ್ಚಿಮ ತುದಿ, ಈ ಮೂರೂ ಸೇರುವ ಕಡೆ ಕಾರ್ಪಾಥಿಯನ್ ಬೆಟ್ಟಸಾಲು ಇದೆ. ಅದರ ಎರಡೂ ಮಗ್ಗುಲಿನ ಹಳ್ಳಿಗಳು ಇವರವು. ರೊಮೇನಿಯಾದ ಮರಮುರೆಷ್ ಕಡೆಯೂ ಸ್ವಲ್ಪ ಜನ ಇದ್ದಾರೆ. ಭಾಷೆ ಸ್ಲಾವಿಕ್ ಕುಲದ್ದು, ಉಕ್ರೇನಿಯನ್‌ಗೆ ಹತ್ತಿರ. ಎಷ್ಟು ಹತ್ತಿರ, ಅದೇ ಭಾಷೆಯ ಒಂದು ಆಡುಮಾತೋ ಅಥವಾ ಬೇರೆಯೇ ಭಾಷೆಯೋ ಅನ್ನುವುದರ ಮೇಲೆ ನೂರು ವರ್ಷದಿಂದ ಕಿತ್ತಾಟ ನಡೆದಿದೆ. ತುಳು, ಕೊಡವದ ಬಗ್ಗೆ ನಮ್ಮಲ್ಲಿ ಆಗುವ ವಾದ ಕೇಳಿದವರಿಗೆ ಇದರ ಬಿಸಿ ಎಷ್ಟು ಅಂತ ನಾನು ಹೇಳಬೇಕಿಲ್ಲ.

ನಿಮಗಾದ ಗೊಂದಲ ಅಮೆರಿಕದ ಗುಮಾಸ್ತರಿಗೂ ಆಗಿತ್ತು. ಹಡಗಿಳಿದವನ ಮುಂದೆ ರಿಜಿಸ್ಟರ್ ಹಿಡಿದು ಕೂತವರು ಒಬ್ಬನನ್ನು ಹಂಗೇರಿಯನ್ ಅಂದರು, ಇನ್ನೊಬ್ಬನನ್ನು ಆಸ್ಟ್ರಿಯನ್ ಅಂದರು, ಮತ್ತೊಬ್ಬನನ್ನು ರುಥೇನಿಯನ್ ಅಂದರು. ಅಣ್ಣತಮ್ಮಂದಿರೇ ಬೇರೆ ಬೇರೆ ಜಾತಿಯವರಾಗಿ ದಾಖಲಾಗುವಷ್ಟು ಸಡಿಲ ಲೆಕ್ಕ. ಇವರನ್ನೇ ಕೇಳಿದರೆ ಏನನ್ನುತ್ತಿದ್ದರು ಗೊತ್ತಾ? ಕೆಲವರು ರುಸ್ನಾಕ್ ಅನ್ನುತ್ತಿದ್ದರು, ಪೋಲೆಂಡ್ ಕಡೆಯವರು ಲೆಮ್ಕೊ ಅನ್ನುತ್ತಿದ್ದರು. ಉಳಿದವರು "ನಾವು ನಮ್ಮೋರು" ಅಂದು ಸುಮ್ಮನಾಗುತ್ತಿದ್ದರು. ಯಾವ ಭಾಷೆ ಆಡ್ತೀರಿ ಅಂದರೆ "ಪೋ ನಾಶೊಮು". ಅಂದರೆ 'ನಮ್ಮ ರೀತಿಯಲ್ಲಿ'. ನನಗೆ ಇವರ ಬಗ್ಗೆ ಮೊದಲು ಪ್ರೀತಿ ಹುಟ್ಟಿದ್ದೇ ಈ ಎರಡು ಪದದಿಂದ.

ಪ್ರಶ್ನೆ: ಇವರಿಗೆ ಸ್ವಂತ ದೇಶ ಅಂತ ಯಾವತ್ತಾದರೂ ಇತ್ತಾ?
(ಇತಿಹಾಸದ ಮೇಷ್ಟ್ರು, ಚಿಂಚ್‌ವಾಡ, ಪುಣೆ)

ಮೇಷ್ಟ್ರೇ, ಮೊದಲು ಅವರೇ ಹೇಳಿಕೊಂಡು ನಗುವ ಒಂದು ಕತೆ ಕೇಳಿ. ಮುಕಾಚೆವೊ ಊರಿನ ಮುದುಕ. ನಾನು ಹುಟ್ಟಿದ್ದು ಆಸ್ಟ್ರಿಯಾ-ಹಂಗೇರಿಯಲ್ಲಿ, ಶಾಲೆ ಕಲಿತದ್ದು ಚೆಕೊಸ್ಲೊವಾಕಿಯಾದಲ್ಲಿ, ಮದುವೆಯಾದದ್ದು ಹಂಗೇರಿಯಲ್ಲಿ, ದುಡಿದದ್ದು ಸೋವಿಯತ್ ಒಕ್ಕೂಟದಲ್ಲಿ, ಈಗ ಪಿಂಚಣಿ ತಗೊಳ್ಳೋದು ಉಕ್ರೇನಿನಲ್ಲಿ ಅಂತಾನೆ. "ಅಬ್ಬಾ, ಎಷ್ಟು ಸುತ್ತಿದ್ದೀಯಜ್ಜ!" ಅಂದರೆ, "ಎಲ್ಲಿ ಸುತ್ತೋದು, ನಾನು ಈ ಊರು ಬಿಟ್ಟು ಹೋಗೇ ಇಲ್ಲ" ಅಂತಾನೆ. ನಮ್ಮ ತಾತ ಧಾರವಾಡದಲ್ಲಿ ಒಂದೇ ಮನೆಯಲ್ಲಿ ಕೂತು ಮುಂಬೈ ಪ್ರಾಂತ್ಯ, ಮುಂಬೈ ರಾಜ್ಯ, 1956ರಲ್ಲಿ ಮೈಸೂರು ರಾಜ್ಯ, 1973ರಲ್ಲಿ ಕರ್ನಾಟಕ ಎಲ್ಲ ನೋಡಿದವರು. ಆದರೂ ಅವರಿಗೆ ಯಾರೂ ದೇಶ ಬದಲಾಯಿಸಿರಲಿಲ್ಲ, ರಾಜಧಾನಿ ಅಷ್ಟೇ.

ಇದರಲ್ಲಿ ನನಗೆ ಭಲೇ ಅನ್ನಿಸುವ ಅಧ್ಯಾಯ 1918ರದು. ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯ ಮುರಿದು ಬೀಳುತ್ತಿತ್ತು. ಬೆಟ್ಟದ ಮೇಲಿರುವವರ ಹಣೆಬರಹ ಚರ್ಚೆಯಾದದ್ದು ಎಲ್ಲಿ? ಪೆನ್ಸಿಲ್ವೇನಿಯಾದ ಸ್ಕ್ರಾಂಟನ್ ಅನ್ನೋ ಕಲ್ಲಿದ್ದಲಿನ ಊರಲ್ಲಿ! ಪಿಟ್ಸ್‌ಬರ್ಗ್‌ನಲ್ಲಿ ಗ್ರೆಗರಿ ಝಟ್ಕೊವಿಚ್ ಎಂಬ ವಕೀಲನಿದ್ದ. ಜನರಲ್ ಮೋಟಾರ್ಸ್‌ಗೆ ಕೆಲಸ ಮಾಡುತ್ತಿದ್ದವನು, ವಯಸ್ಸು 31. ಹುಟ್ಟಿದ್ದು ಆ ಬೆಟ್ಟದಲ್ಲಿ, ಬೆಳೆದದ್ದು ಅಮೆರಿಕದಲ್ಲಿ. ಅವನು ಅಕ್ಟೋಬರ್‌ನಲ್ಲಿ ಅಧ್ಯಕ್ಷ ವಿಲ್ಸನ್ ಅವರನ್ನೇ ಕಂಡು ಬಂದ. ಪೂರ್ತಿ ಸ್ವಾತಂತ್ರ್ಯ ಆಗೋ ಮಾತಲ್ಲ, ಯಾರ ಜೊತೆಗಾದರೂ ಸೇರಿಕೊಳ್ಳಿ ಅನ್ನೋ ಸಲಹೆ ಸಿಕ್ಕಿತು. ನವೆಂಬರ್‌ನಲ್ಲಿ ಸ್ಕ್ರಾಂಟನ್‌ನಲ್ಲಿ ಚೆಕೊಸ್ಲೊವಾಕಿಯಾ ಸೇರುವ ಠರಾವು. ಆಮೇಲೆ ಅಮೆರಿಕದಲ್ಲಿದ್ದ ರುಸಿನರ ಸಂಘಗಳ ಶಾಖೆಗಳಲ್ಲಿ ಮತ ಹಾಕಿಸಿದರು. ಸುಮಾರು ಮೂರರಲ್ಲಿ ಎರಡು ಪಾಲು ಚೆಕೊಸ್ಲೊವಾಕಿಯಾ ಕಡೆ ಬಿತ್ತು. ಸುಮ್ನೆ ಊಹಿಸಿ, ಡೊಂಬಿವಲಿ, ಮುಲುಂಡಿನ ಕನ್ನಡ ಸಂಘಗಳು ಕೈಯೆತ್ತಿ ಬೆಳಗಾವಿ ಎಲ್ಲಿ ಸೇರಬೇಕು ಅಂತ ತೀರ್ಮಾನಿಸಿದ ಹಾಗೆ.

1919ರ ಒಪ್ಪಂದದಲ್ಲಿ ಸ್ವಾಯತ್ತತೆ ಕೊಡುತ್ತೇವೆ ಅಂತ ಬರೆದಿತ್ತು. 1920ರಲ್ಲಿ ಝಟ್ಕೊವಿಚ್ ಆ ಬೆಟ್ಟಸೀಮೆಗೆ ಗವರ್ನರ್ ಆಗಿ ಹೋದ. ಅಧಿಕಾರ ಕೊಡಲಿಲ್ಲ, ಗಡಿ ಸರಿಮಾಡಲಿಲ್ಲ ಅಂತ ಮರುವರ್ಷವೇ ರಾಜೀನಾಮೆ ಬಿಸಾಕಿ ಪಿಟ್ಸ್‌ಬರ್ಗ್‌ಗೆ ವಾಪಸು ಬಂದು ವಕೀಲಿಕೆ ಮುಂದುವರಿಸಿದ. ಇನ್ನು ಸ್ವಂತ ದೇಶದ ಮಾತು. 1939ರ ಮಾರ್ಚ್ 15ರಂದು ಖುಸ್ತ್ ಊರಿನಲ್ಲಿ ಕಾರ್ಪಾಥೋ-ಉಕ್ರೇನ್ ಅಂತ ಸ್ವಾತಂತ್ರ್ಯ ಸಾರಿದರು. ಹೆಸರು ನೋಡಿ, ಅದರಲ್ಲೂ ರುಸಿನ್ ಇಲ್ಲ. ಆಗಲೇ ಹಂಗೇರಿಯ ಸೈನ್ಯ ಒಳಗೆ ಬರುತ್ತಿತ್ತು. ಒಂದು ದಿನದ ದೇಶ ಅಂತಲೇ ಅದಕ್ಕೆ ಹೆಸರು. ಯುದ್ಧ ಮುಗಿದ ಮೇಲೆ, 1945ರ ಜೂನ್‌ನಲ್ಲಿ ಆ ಭಾಗ ಸೋವಿಯತ್ ಕೈಗೆ ಹೋಯಿತು.

ಪ್ರಶ್ನೆ: ಬೆಟ್ಟ ಬಿಟ್ಟು ಅಮೆರಿಕಕ್ಕೆ ಯಾಕೆ ಹೋದರು? ಹೋಗಿ ಹೇಗೆ ಬದುಕಿದರು? ನಾನು 14ನೇ ವಯಸ್ಸಿಗೆ ಕುಂದಾಪುರದಿಂದ ಬಸ್ ಹತ್ತಿದವನು, ಅದಕ್ಕೇ ಕೇಳಿದೆ.
(ಹೋಟೆಲು ನಡೆಸಿದವರು, ಮೀರಾ ರೋಡ್)

ಅಣ್ಣಾ, ನೀವು ಯಾಕೆ ಬಸ್ ಹತ್ತಿದಿರೋ ಅವರೂ ಅದಕ್ಕೇ ಹಡಗು ಹತ್ತಿದರು. ಹೊಲ ಅಂದರೆ ಬೆಟ್ಟದ ಮೈಗೆ ಅಂಟಿದ ಪಟ್ಟಿ. ಅಪ್ಪನ ಪಟ್ಟಿ ನಾಲ್ಕು ಮಕ್ಕಳಿಗೆ ಹಂಚಿ, ಅವರ ಮಕ್ಕಳಿಗೆ ಮತ್ತೆ ಹಂಚಿದರೆ ಉಳಿಯೋದೇನು? ಓಟ್ಸು, ಆಲೂಗಡ್ಡೆ ಬಿಟ್ಟರೆ ಜಾಸ್ತಿ ಏನೂ ಬೆಳೆಯದ ಮಣ್ಣು ಬೇರೆ. 1880ರಿಂದ ಮೊದಲ ಮಹಾಯುದ್ಧದ ತನಕ ಎರಡು ಲಕ್ಷಕ್ಕೂ ಮಿಕ್ಕಿ ಜನ ಅಮೆರಿಕಕ್ಕೆ ಹೋದರು ಅಂತ ಅಂದಾಜು. ಬಹಳ ಮಂದಿ ಪೆನ್ಸಿಲ್ವೇನಿಯಾದ ಕಲ್ಲಿದ್ದಲ ಗಣಿಗೆ, ಪಿಟ್ಸ್‌ಬರ್ಗ್ ಸುತ್ತಲಿನ ಉಕ್ಕಿನ ಕುಲುಮೆಗೆ. ಎರಡು ಮೂರು ವರ್ಷ ದುಡಿದು, ಊರಲ್ಲಿ ಒಂದು ತುಂಡು ಹೊಲ ಕೊಳ್ಳೋಣ ಅಂತಲೇ ಹೋದವರು. ಕೆಲವರು ವಾಪಸು ಬಂದರು, ಮತ್ತೆ ಹೋದರು. ಉಳಿದವರು ಹೆಂಡತಿಯನ್ನು ಕರೆಸಿಕೊಂಡರು.

ಇದ್ದದ್ದು ಬೋರ್ಡಿಂಗ್ ಮನೆಗಳಲ್ಲಿ. ಒಬ್ಬ ಹೆಂಗಸು ಹತ್ತು ಹನ್ನೆರಡು ಗಂಡಸರಿಗೆ ಅಡುಗೆ ಮಾಡಿ, ಗಣಿಯ ಮಸಿ ಹತ್ತಿದ ಬಟ್ಟೆ ಒಗೆದು, ಅವರ ಬೆನ್ನು ತೊಳೆಯೋಕೆ ನೀರೂ ಕಾಯಿಸಿಡುತ್ತಿದ್ದಳು. ಹಗಲು ಪಾಳಿಯವನು ಎದ್ದ ಹಾಸಿಗೆಗೆ ರಾತ್ರಿ ಪಾಳಿಯವನು ಬಂದು ಬೀಳುತ್ತಿದ್ದ, ಹಾಸಿಗೆ ಆರುತ್ತಲೇ ಇರಲಿಲ್ಲ. ಹೋಟೆಲಿನ ಟೇಬಲ್ ಜೋಡಿಸಿ ಮಲಗಿದ ನಿಮಗೆ ಇದು ಹೊಸದಲ್ಲ. ನೀವು ಫೋರ್ಟಿನ ಕಡೆ ರಾತ್ರಿ ಶಾಲೆಗೆ ಹೋದಿರಿ, ಅವರಲ್ಲಿ ಬಹಳ ಮಂದಿಗೆ ಅದೂ ಇರಲಿಲ್ಲ.

ಅವರು ಕಟ್ಟಿದ ಮೊದಲ ದೊಡ್ಡ ಸಂಸ್ಥೆ ನಾಟಕದ್ದಲ್ಲ, ಭಜನೆಯದ್ದಲ್ಲ, ವಿಮೆಯದ್ದು. ಗಣಿ ಕುಸಿದು ಗಂಡ ಸತ್ತರೆ ಕಂಪನಿಯಿಂದ ಏನೂ ಬರುತ್ತಿರಲಿಲ್ಲ. ಅದಕ್ಕೆ 1892ರಲ್ಲಿ ವಿಲ್ಕ್ಸ್-ಬಾರಿ ಎಂಬ ಊರಲ್ಲಿ ಗ್ರೀಕ್ ಕ್ಯಾಥೊಲಿಕ್ ಯೂನಿಯನ್ ಕಟ್ಟಿದರು. ತಿಂಗಳು ತಿಂಗಳು ಎಲ್ಲರೂ ಚಿಲ್ಲರೆ ಹಾಕೋದು, ಸತ್ತವನ ಮನೆಗೆ ದುಡ್ಡು ಕೊಡೋದು. ಅವರದ್ದೇ ಪತ್ರಿಕೆ 'ಅಮೆರಿಕಾನ್ಸ್ಕಿ ರುಸ್ಕಿ ವಿಯೆಸ್ತ್ನಿಕ್'. ಮೊದಲ ಸಂಪಾದಕ ಪಾವೆಲ್ ಝಟ್ಕೊವಿಚ್, ಮೇಲೆ ಹೇಳಿದ ಗವರ್ನರನ ಅಪ್ಪ. ನೋಡಿ, ಎಲ್ಲ ಒಂದೇ ಮನೆಯ ವ್ಯವಹಾರ.

ಪ್ರಶ್ನೆ: ಗ್ರೀಕ್ ಕ್ಯಾಥೊಲಿಕ್ ಅಂದರೆ ಇವರು ಗ್ರೀಕರಾ? ಒಂದು ಹೆಸರೂ ಇವರಿಗೆ ನೆಟ್ಟಗಿಲ್ಲವಲ್ಲ!
(ಬಿಎ ವಿದ್ಯಾರ್ಥಿನಿ, ಮಡಗಾಂವ್)

ಗ್ರೀಕರಲ್ಲ ತಂಗಿ. ಪೂಜೆಯ ಕ್ರಮ ಪೂರ್ವದ ಬೈಜಾಂಟಿಯಂ ಪದ್ಧತಿಯದು, ನಿಷ್ಠೆ ರೋಮಿನ ಪೋಪ್‌ಗೆ. 1646ರಲ್ಲಿ ಉಝ್‌ಹೊರೊದ್ ಕೋಟೆಯಲ್ಲಿ 63 ಪಾದ್ರಿಗಳು ಈ ಒಪ್ಪಂದ ಮಾಡಿಕೊಂಡರು. ಪಾದ್ರಿಗಳು ಮದುವೆಯಾಗೋ ರೂಢಿ ಹಾಗೇ ಉಳಿಯಿತು. ಅಮೆರಿಕಕ್ಕೆ ಹೋದಾಗ ತೊಡಕು ಬಂದದ್ದು ಅಲ್ಲೇ. 1889ರಲ್ಲಿ ಮಿನಿಯಾಪೊಲಿಸ್‌ಗೆ ಅಲೆಕ್ಸಿಸ್ ಟೋತ್ ಎಂಬ ಪಾದ್ರಿ ಹೋದ. ಹೆಂಡತಿ ತೀರಿಕೊಂಡಿದ್ದಳು, ಆದರೂ ಮದುವೆಯಾದವನು ಅಂತ ಆರ್ಚ್‌ಬಿಷಪ್ ಜಾನ್ ಐರ್ಲೆಂಡ್ ಅವನನ್ನು ಒಪ್ಪಲಿಲ್ಲ. ಮಾತಿಗೆ ಮಾತು ಬೆಳೆಯಿತು. 1891ರಲ್ಲಿ ಟೋತ್ ತನ್ನ ಇಡೀ ಮಂದಿ ಜೊತೆ ರಷ್ಯನ್ ಆರ್ಥೊಡಾಕ್ಸ್ ಕಡೆ ಹೋಗಿಬಿಟ್ಟ, ಆಮೇಲೆ ಎಷ್ಟೋ ಊರಿನವರು ಅವನ ಹಿಂದೆ ಹೋದರು. 1929ರಲ್ಲಿ ರೋಮ್ ಮತ್ತೆ, ಅಮೆರಿಕದಲ್ಲಿ ಮದುವೆಯಾದ ಪಾದ್ರಿಗಳು ಬೇಡ ಅಂದಿತು. 1938ರಲ್ಲಿ ಇನ್ನೊಂದು ಹೋಳು. ಆ ನಿಷೇಧವನ್ನು ಪೋಪ್ ಫ್ರಾನ್ಸಿಸ್ ತೆಗೆದದ್ದು 2014ರಲ್ಲಿ, ಅಷ್ಟರಲ್ಲಿ ಜಗಳ ಆಡಿದವರೆಲ್ಲ ಮಣ್ಣಾಗಿದ್ದರು. ಒಂದೇ ಬೀದಿಯ ಎರಡು ತುದಿಗೆ ಈರುಳ್ಳಿಯಂಥ ಗುಮ್ಮಟದ ಎರಡು ಚರ್ಚು, ಒಂದೇ ಹಳ್ಳಿಯಿಂದ ಬಂದವರದ್ದು. ಅಧ್ಯಕ್ಷಗಿರಿಗೆ ಸಂಘ ಒಡೆಯೋ ನಮ್ಮವರು ಇದರ ಮುಂದೆ ಏನೂ ಅಲ್ಲ.

ಪ್ರಶ್ನೆ: ಅವರ ಹಬ್ಬದ ಅಡುಗೆ ಏನು? ನಮ್ಮ ಕೈಲಿ ಮಾಡೋಕಾಗೋದು ಏನಾದರೂ ಇದೆಯಾ?
(ಗೃಹಿಣಿ, ಡೊಂಬಿವಲಿ)

ಅಕ್ಕಾ, ಇಂಥ ಪ್ರಶ್ನೆಗೇ ನಾನು ಕಾದಿದ್ದೆ. ಕ್ರಿಸ್‌ಮಸ್ ಹಿಂದಿನ ರಾತ್ರಿ ಇವರದು ದೊಡ್ಡ ಊಟ. ಹಳೇ ಪಂಚಾಂಗ ಹಿಡಿದವರಿಗೆ ಅದು ಜನವರಿ 6ರ ರಾತ್ರಿ. ಅವತ್ತು ಉಪವಾಸ, ಮೊದಲ ನಕ್ಷತ್ರ ಕಂಡ ಮೇಲೇ ಕೂರೋದು. ಮಾಂಸ ಇಲ್ಲ, ಕಟ್ಟುನಿಟ್ಟಿನವರ ಮನೆಯಲ್ಲಿ ಹಾಲು ಬೆಣ್ಣೆಯೂ ಇಲ್ಲ. ಮೇಜಿನ ಬಟ್ಟೆ ಅಡಿಯಲ್ಲಿ ಹುಲ್ಲು ಹರಡುತ್ತಾರೆ. ಮೊದಲ ತುತ್ತು ಏನು ಗೊತ್ತಾ? ಹಸಿ ಬೆಳ್ಳುಳ್ಳಿ, ಜೇನಲ್ಲಿ ಅದ್ದಿದ್ದು! ಯುಗಾದಿಯ ಬೇವು ಬೆಲ್ಲ ನೆನಪಾಗಲ್ವಾ? ಹನ್ನೆರಡು ಬಗೆ ಮಾಡೋದು ವಾಡಿಕೆ. ಸತ್ತವರಿಗೋ ದಾರಿಹೋಕರಿಗೋ ಅಂತ ಒಂದು ಜಾಗ ಖಾಲಿ ಬಿಟ್ಟಿರುತ್ತಾರೆ.

ನಿಮ್ಮ ಕೈಗೆ ಸುಲಭ ಅಂದರೆ ಬೊಬಾಲ್ಕಿ. ಬ್ರೆಡ್ಡಿನ ಹಿಟ್ಟನ್ನು ಹೊಸೆದು, ನೆಲ್ಲಿಕಾಯಿಗಿಂತ ಸಣ್ಣ ಉಂಡೆ ಮಾಡಿ ಓವನ್‌ನಲ್ಲಿ ಬೇಯಿಸಿ. ತಣ್ಣಗಾದ ಮೇಲೆ ಬಿಸಿನೀರು ಸುರಿದು ತಕ್ಷಣ ಬಸಿಯಬೇಕು. ಒಂದು ನಿಮಿಷ ತಡ ಮಾಡಿದರೆ ಮುದ್ದೆಯಾಗುತ್ತೆ, ನಾನು ಮಾಡಿ ನೋಡಿದ್ದೇನೆ. ಮೇಲೆ ಅರೆದ ಗಸಗಸೆ, ಜೇನು ಹಾಕಿ ಕಲಸಿ. ಅಷ್ಟೇ. ಗಸಗಸೆ ಅಂದರೆ ಬೇರೆ ಏನೋ ಅಲ್ಲ, ನಾವು ಪಾಯಸಕ್ಕೆ ಹಾಕೋದೇ, ಅವರದ್ದು ನೀಲಿ ಕಪ್ಪು ಬಣ್ಣದ್ದು. ನನ್ನ ಹೆಂಡತಿ ಜೇನಿನ ಬದಲು ಬೆಲ್ಲದ ಪಾಕ ಹಾಕಿದಳು. ರುಸಿನ್ ಅಜ್ಜಿಯರು ಕ್ಷಮಿಸಲಿ, ನನಗೆ ಅದೇ ಜಾಸ್ತಿ ಹಿಡಿಸಿತು.

ಈಸ್ಟರ್‌ಗೆ ಬುಟ್ಟಿ ಕಟ್ಟುತ್ತಾರೆ. ಪಾಸ್ಕಾ ಅನ್ನೋ ದುಂಡು ಬ್ರೆಡ್ಡು, ಮೇಣದಿಂದ ಚಿತ್ತಾರ ಬಿಡಿಸಿ ಬಣ್ಣದಲ್ಲಿ ಅದ್ದಿದ ಮೊಟ್ಟೆ, ಬೆಣ್ಣೆ, ಮಾಂಸ, ಮುಲ್ಲಂಗಿಯ ಜಾತಿಯ ಒಂದು ಘಾಟಿನ ಬೇರು. ಜೊತೆಗೆ ಹ್ರುಡ್ಕಾ. ಒಂದು ಡಜನ್ ಮೊಟ್ಟೆಗೆ ಒಂದು ಲೀಟರ್ ಹಾಲು ಸೇರಿಸಿ ಒಲೆ ಮೇಲಿಟ್ಟು ಕೈ ಬಿಡದೆ ತಿರುಗಿಸಬೇಕು. ಒಡೆದು ಗಟ್ಟಿಯಾದದ್ದನ್ನು ಬಟ್ಟೆಯಲ್ಲಿ ಕಟ್ಟಿ ನಲ್ಲಿಗೆ ನೇತು ಹಾಕೋದು. ನೋಡೋಕೆ ಥೇಟ್ ನಮ್ಮ ಗಿಣ್ಣು. ಬುಟ್ಟಿಗೆ ಕಸೂತಿ ಬಟ್ಟೆ ಮುಚ್ಚಿ ಚರ್ಚಿಗೆ ಒಯ್ದರೆ ಪಾದ್ರಿ ನೀರು ಚಿಮುಕಿಸುತ್ತಾರೆ, ಮನೆಗೆ ತಂದು ಅದರಿಂದಲೇ ಉಪವಾಸ ಬಿಡೋದು.

ಪ್ರಶ್ನೆ: ಭಾಷೆಗೆ ಲಿಪಿ ಯಾವುದು? ಶಾಲೆ, ಪುಸ್ತಕ ಇವೆಯಾ? ನಮ್ಮ ವಾಸ್ಕೋದಲ್ಲಿ ಮಕ್ಕಳಿಗೆ ಕನ್ನಡ ಓದೋಕೆ ಬರಲ್ಲ, ಅದಕ್ಕೇ ಕೇಳ್ತಿದ್ದೀನಿ.
(ಬಂದರಿನ ಕೆಲಸಗಾರರು, ವಾಸ್ಕೋ)

ಐದು ಲಿಪಿಯಲ್ಲಿ ಬರೆಯೋ ಕೊಂಕಣಿಯ ಊರಲ್ಲಿ ಕೂತು ಕೇಳ್ತಿದ್ದೀರಿ, ನಿಮಗೆ ಬೇಗ ಅರ್ಥವಾಗುತ್ತೆ. ರುಸಿನರದ್ದು ಸಿರಿಲಿಕ್ ಲಿಪಿ. ಆದರೆ ಅಮೆರಿಕದ ಆ ಪತ್ರಿಕೆ ಸಿರಿಲಿಕ್, ರೋಮನ್ ಎರಡರಲ್ಲೂ ಬರುತ್ತಿತ್ತು. 19ನೇ ಶತಮಾನದಲ್ಲಿ ಅಲೆಕ್ಸಾಂಡರ್ ದುಖ್ನೊವಿಚ್ ಎಂಬ ಪಾದ್ರಿ ಇದ್ದರು. 1847ರಲ್ಲಿ ಮಕ್ಕಳಿಗೆ ಓದು ಕಲಿಸೋ ಪುಸ್ತಕ ಆಡುಮಾತಿನಲ್ಲೇ ಬರೆದರು. 'ನಾನು ರುಸಿನ್ ಆಗಿದ್ದೆ, ಆಗಿದ್ದೇನೆ, ಆಗಿಯೇ ಇರುತ್ತೇನೆ' ಅನ್ನೋ ಅರ್ಥದ ಅವರ ಕವಿತೆಯನ್ನು ಈಗಲೂ ಎದ್ದು ನಿಂತು ಹಾಡುತ್ತಾರೆ. ತಮಾಷೆ ಅಂದರೆ, ದೊಡ್ಡವರಿಗಾಗಿ ಬರೆಯುವಾಗ ಅವರೇ ಆಡುಮಾತು ಬಿಟ್ಟು ಚರ್ಚಿನ ಭಾಷೆ, ರಷ್ಯನ್ ಬೆರಕೆಯ ಗಂಭೀರ ಶೈಲಿ ಹಿಡಿಯುತ್ತಿದ್ದರು. ಮನೆಮಾತು ಮಕ್ಕಳಿಗೆ ಸಾಕು ಅನ್ನೋ ಭಾವನೆ ಎಲ್ಲ ಕಡೆ ಇದ್ದದ್ದೇ.

ಸ್ಲೊವಾಕಿಯಾದಲ್ಲಿ ರುಸಿನ್ ಭಾಷೆಗೆ ವ್ಯಾಕರಣ, ಕಾಗುಣಿತದ ನಿಯಮ ಮಾಡಿ ಬಿಡುಗಡೆ ಮಾಡಿದ್ದು 1995ರ ಜನವರಿ 27ರಂದು. ಇಷ್ಟು ತಡ! ಆದರೆ ಇದಕ್ಕಿಂತ ಎಷ್ಟೋ ಮೊದಲೇ ಕೆಲಸ ಮುಗಿಸಿದವರು ಊರು ಬಿಟ್ಟುಹೋದ ರುಸಿನರು. 1751ರಲ್ಲಿ ಒಂದಿಷ್ಟು ಕುಟುಂಬಗಳು ಬೆಟ್ಟ ಇಳಿದು ಇವತ್ತಿನ ಸೆರ್ಬಿಯಾದ ಬಯಲಿಗೆ ಹೋಗಿ ರುಸ್ಕಿ ಕ್ರಸ್ತುರ್ ಅನ್ನೋ ಹಳ್ಳಿಯಲ್ಲಿ ನೆಲೆ ನಿಂತವು. ಅಲ್ಲಿ 1923ರಲ್ಲೇ ಹವ್ರಿಯಿಲ್ ಕೊಸ್ತೆಲ್ನಿಕ್ ವ್ಯಾಕರಣ ಬರೆದಾಗಿತ್ತು. ಈಗ ವೊಯ್ವೊದಿನಾ ಪ್ರಾಂತ್ಯದ ಆರು ಅಧಿಕೃತ ಭಾಷೆಗಳಲ್ಲಿ ಅದೂ ಒಂದು. ಶಾಲೆ ಇದೆ, ಪತ್ರಿಕೆ ಇದೆ. ಎಣಿಸಿದರೆ ಆ ಪ್ರಾಂತ್ಯದ ರುಸಿನರು ನಿಮ್ಮ ವಾಸ್ಕೋದ ಒಂದು ಮೂಲೆಗೆ ಸಾಲಲ್ಲ. ಮಕ್ಕಳ ವಿಷಯಕ್ಕೆ ಬಂದರೆ, ವಾರಕ್ಕೆ ಎರಡು ಸಲ ಯಾರದಾದರೂ ಮನೆಯ ವರಾಂಡದಲ್ಲಿ ಕೂರಿಸಿ ಕಾಗುಣಿತ ಬರೆಸಿ. ಪುಸ್ತಕ ಬೇಕಿದ್ದರೆ ನನಗೆ ಬರೆಯಿರಿ, ಕಳಿಸುತ್ತೇನೆ.

ಪ್ರಶ್ನೆ: ಈಗ ಎಷ್ಟು ಜನ ಉಳಿದಿದ್ದಾರೆ?
(ಅಂಧೇರಿಯಿಂದ ಒಬ್ಬರು, ಪೋಸ್ಟ್ ಕಾರ್ಡಿನಲ್ಲಿ ಇಷ್ಟೇ)

ಸ್ಲೊವಾಕಿಯಾದ ಜನಗಣತಿ ನೋಡಿ. 1991ರಲ್ಲಿ 17,197. 2001ರಲ್ಲಿ 24,201. 2011ರಲ್ಲಿ 33,482. ಹಳ್ಳಿಗಳು ಖಾಲಿಯಾಗುತ್ತಿದ್ದರೂ 2011ರ ತನಕ ಸಂಖ್ಯೆ ಏರುತ್ತಲೇ ಹೋಯಿತು! ಹೆರಿಗೆ ಹೆಚ್ಚಾದದ್ದಲ್ಲ, ಹೆಸರು ಹೇಳೋ ಧೈರ್ಯ ಬಂದದ್ದು. ಕಮ್ಯುನಿಸ್ಟ್ ಕಾಲದಲ್ಲಿ ರುಸಿನ್ ಅನ್ನೋ ಕಾಲಮ್ಮೇ ಇರಲಿಲ್ಲ, ಉಕ್ರೇನಿಯನ್ ಅಂತ ಬರೆಸಿ ಅಂದರು. ಬಹಳ ಜನ ಅದಕ್ಕಿಂತ ಸ್ಲೊವಾಕ್ ಆಗೋದೇ ವಾಸಿ ಅಂತ ಆಗಿಬಿಟ್ಟರು. ಉಕ್ರೇನ್ ಸರ್ಕಾರ ಇವರನ್ನು ಬೇರೆ ಜನ ಅಂತ ಒಪ್ಪಿಲ್ಲ. ಪೋಲೆಂಡಿನ ಲೆಮ್ಕೊಗಳ ಕತೆ ಇನ್ನೂ ಕಷ್ಟದ್ದು. 1947ರಲ್ಲಿ 'ವಿಸ್ತುಲಾ' ಕಾರ್ಯಾಚರಣೆ ಅಂತ ಸೈನ್ಯ ತಂದು, ಉಕ್ರೇನಿಯನ್ನರು, ಲೆಮ್ಕೊಗಳು ಸೇರಿ ಸುಮಾರು 1,40,000 ಜನರನ್ನು ರೈಲಿಗೆ ತುಂಬಿ ದೇಶದ ಇನ್ನೊಂದು ತುದಿಗೆ ಕಳಿಸಿದರು. ಕ್ರಿನಿತ್ಸಾ ಊರಿನ ಚಿತ್ರಗಾರ ನಿಕಿಫೋರ್ ಅದರಲ್ಲಿ ಒಬ್ಬ. ಮಾತು ಸರಿಯಾಗಿ ಬಾರದವನು, ಸಿಗರೇಟಿನ ಪೊಟ್ಟಣ, ಹಳೇ ನೋಟ್‌ಬುಕ್ಕಿನ ಹಾಳೆ ಸಿಕ್ಕಿದ್ದರ ಮೇಲೆ ಚಿತ್ರ ಬರೆದವನು. ಕಳಿಸಿದಷ್ಟು ಸಲವೂ ಕ್ರಿನಿತ್ಸಾಕ್ಕೇ ತಿರುಗಿ ಬಂದ.

ಪ್ರಶ್ನೆ: ಆಂಡಿ ವಾರ್ಹೋಲ್ ಚಿತ್ರದಲ್ಲಿ ರುಸಿನ್ ಅನ್ನೋದು ಏನಾದರೂ ಕಾಣುತ್ತಾ?
(ಮಾಟುಂಗದ ಅದೇ ಹುಡುಗಿ)

ಕಾಣುತ್ತೆ ಅಂತ ನನ್ನ ಅಭಿಪ್ರಾಯ. ಪಿಟ್ಸ್‌ಬರ್ಗ್‌ನಲ್ಲಿ ರುಸ್ಕಾ ದೋಲಿನಾ, ಅಂದರೆ ರುಸಿನ್ ಕಣಿವೆ, ಅನ್ನೋ ಕೇರಿಯ ಚರ್ಚಿಗೆ ಅವನು ಅಮ್ಮನ ಜೊತೆ ವಾರವಾರ ಹೋಗುತ್ತಿದ್ದ. ಎದುರಿಗೆ ಸಂತರ ಚಿತ್ರಗಳ ಗೋಡೆ. ಸಾಲು ಸಾಲು, ಒಂದೇ ಅಳತೆ, ಚಿನ್ನದ ಹಿನ್ನೆಲೆ, ನೇರ ನಿಮ್ಮನ್ನೇ ನೋಡೋ ಮುಖ. ಗಂಟೆಗಟ್ಟಲೆ ಆ ಗೋಡೆ ನೋಡಿದ ಹುಡುಗ ದೊಡ್ಡವನಾಗಿ 1962ರಲ್ಲಿ 32 ಸೂಪ್ ಡಬ್ಬಿ ಸಾಲಾಗಿ ಬರೆದ, ಚಿನ್ನದ ಹಿನ್ನೆಲೆಗೆ ಮರಿಲಿನ್ ಮನ್ರೋ ಮುಖ ಹಾಕಿದ. ಅವನಮ್ಮ ಯೂಲಿಯಾ ಈಗ ಸ್ಲೊವಾಕಿಯಾದಲ್ಲಿರುವ ಮಿಕೋವಾ ಹಳ್ಳಿಯವರು, 1921ರಲ್ಲಿ ಬಂದವರು. ತಗಡಿನ ಡಬ್ಬಿ ಕತ್ತರಿಸಿ ಹೂವು ಮಾಡಿ ಮಾರುತ್ತಿದ್ದರು. ಮಗನ ಚಿತ್ರಗಳಿಗೆ ಅಕ್ಷರ ಬರೆದುಕೊಟ್ಟವರೂ ಅವರೇ. ಇಂಗ್ಲಿಷ್ ಅರ್ಧಂಬರ್ಧ. ಬೆಕ್ಕುಗಳ ಒಂದು ಪುಸ್ತಕದ ಹೆಸರಲ್ಲೇ ಒಂದಕ್ಷರ ಬಿಟ್ಟರು, ಮಗ ತಿದ್ದಲಿಲ್ಲ, ಹಾಗೇ ಅಚ್ಚು ಹಾಕಿಸಿದ. ಮಿಕೋವಾ ಪಕ್ಕದ ಮೆಡ್ಜಿಲಾಬೊರ್ಟ್ಸೆ ಊರಲ್ಲಿ 1991ರಿಂದ ಅವನ ಹೆಸರಿನ ಮ್ಯೂಸಿಯಂ ಇದೆ. ಅದೇ ವರ್ಷ ಅದೇ ಊರಲ್ಲಿ ರುಸಿನರ ಮೊದಲ ವಿಶ್ವ ಸಮ್ಮೇಳನವೂ ನಡೆಯಿತು.

ಪ್ರಶ್ನೆ: ಇರಲಿ ಮಾರಾಯ್ರೆ, ಮುಂಬೈಯಲ್ಲಿ ಕೂತ ನಿಮಗೆ ಈ ಹುಚ್ಚು ಹಿಡಿಸಿದ್ದು ಯಾರು?
(ಹಳೇ ಓದುಗರು, ಮುಲುಂಡ್)

ಪಿರೋಹಿ. ಮಗಳು ಪಿಟ್ಸ್‌ಬರ್ಗ್‌ನಲ್ಲಿದ್ದಾಗ ಒಂದು ಮಾರ್ಚ್ ತಿಂಗಳು ಅಲ್ಲಿಗೆ ಹೋಗಿದ್ದೆವು. ಈಸ್ಟರ್ ಮುಂಚಿನ ಉಪವಾಸದ ಕಾಲ. ಶುಕ್ರವಾರ ಚರ್ಚಿನ ನೆಲಮಾಳಿಗೆಯಲ್ಲಿ ಅಜ್ಜಿಯರು ಪಿರೋಹಿ ಮಾಡಿ ಮಾರುತ್ತಾರೆ. ಆಲೂಗಡ್ಡೆ ತುಂಬಿ ನೀರಲ್ಲಿ ಬೇಯಿಸಿದ ಅರ್ಧಚಂದ್ರದ ಕಡುಬು ಅಂದುಕೊಳ್ಳಿ, ಮೇಲೆ ಬೆಣ್ಣೆ, ಕೆಂಪಗೆ ಹುರಿದ ಈರುಳ್ಳಿ. ಉದ್ದ ಮೇಜಿಗೆ ಆರೇಳು ಮಂದಿ ಕೂತು ಅಂಚು ಚಿವುಟುತ್ತಿದ್ದರು. ನನ್ನ ಹೆಂಡತಿ ಸುಮ್ಮನಿರದೆ ಒಂದು ತಗೊಂಡು ಗೌರಿಹಬ್ಬದ ಕಡುಬಿನ ಹಾಗೆ ಅಂಚಿಗೆ ಜಡೆ ಹೆಣೆದಳು. ಅದು ಕೈಯಿಂದ ಕೈಗೆ ಹೋಯಿತು.

ಒಬ್ಬರು ಯಾವ ಭಾಷೆಯವರು ಅಂತ ಕೇಳಿದರು. ಕನ್ನಡ ಅಂದೆ. "ಕೆನಡಾ? ನಮ್ಮಣ್ಣ ಟೊರಾಂಟೊದಲ್ಲಿದ್ದಾನೆ" ಅಂದರು. ಅಲ್ಲಮ್ಮ, ಇಂಡಿಯಾ ಅಂದೆ. "ಓ, ಹಿಂದಿ" ಅಂದರು. ಅಲ್ಲ ಅಂದೆ. ಮುಂಬೈ ಅಂದೆ, ಆದರೆ ಅಲ್ಲಿಯ ಭಾಷೆ ಅದಲ್ಲ ಅಂದೆ, ಊರು ಬೇರೆ ಅಂದೆ. ನನಗೇ ಸಾಕಾಯ್ತು. ಅಜ್ಜಿ ಹಿಟ್ಟಿನ ಕೈ ಒರೆಸಿಕೊಂಡು, ನನ್ನನ್ನು ಉಳಿಸೋ ಹಾಗೆ, "ಪೋ ನಾಶೊಮು, ಅಲ್ವಾ?" ಅಂದರು. ಆ ಪದ ನಾನು ಮೊದಲು ಕೇಳಿದ್ದು ಆಗ.

ದುಡ್ಡು ಕೊಟ್ಟದ್ದು ಒಂದು ಡಜನ್‌ಗೆ, ಡಬ್ಬಿಯಲ್ಲಿ ಹದಿನೈದಿದ್ದವು. ಕಾರಲ್ಲೇ ಕೂತು ಮಿಡಿ ಉಪ್ಪಿನಕಾಯಿ ಜೊತೆ ತಿಂದೆವು.